ಮಿಶ್ರಿ ಬಿಡದ ಆಯಿ, ಮಿದುಳು ಓದುವ ಮೊಮ್ಮಗಳು

ಮೇ-ಜೂನ್ ಬಂತೆಂದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮನೆಗಳಲ್ಲಿ ಮಾತೆಲ್ಲ ಒಂದೇ. ನೀಟ್‌ನಲ್ಲಿ ಎಷ್ಟು ಬಂತು, ಸಿಇಟಿ ರ‍್ಯಾಂಕ್ ಎಷ್ಟು, ಸೀಟು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ, ಸಿಗದಿದ್ದರೆ ಇನ್ನೊಂದು ವರ್ಷ ಲಾತೂರಿಗೆ ಕಳಿಸುವುದೋ ಬೇಡವೋ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಿದೆಯೋ ಇಲ್ಲವೋ ಎಂಬ ಲೆಕ್ಕವೂ ಇದರ ಜೊತೆಗೇ ನಡೆದಿರುತ್ತದೆ. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಡಾಕ್ಟರಾಗಬೇಕು, ಆಗದಿದ್ದರೆ ಬಿಎಎಂಎಸ್, ಅದೂ ಆಗದಿದ್ದರೆ ನರ್ಸಿಂಗ್ ಎಂದು ಹಿರಿಯರು ಏಣಿಯ ಮೆಟ್ಟಿಲುಗಳನ್ನು ಮೊದಲೇ ಜೋಡಿಸಿಟ್ಟಿರುತ್ತಾರೆ. ಈ ಏಣಿಯ ಪಕ್ಕದಲ್ಲೇ ಇನ್ನೊಂದು ದಾರಿ ಇದೆ ಎಂಬುದು ಬಹಳ ಪಾಲಕರ ಗಮನಕ್ಕೆ ಬಂದಿಲ್ಲ. ಅದು ಆರೋಗ್ಯ ಸಂಶೋಧಕರ ದಾರಿ. ಅದರಲ್ಲೂ ಮನುಷ್ಯನ ಮಿದುಳಿನಲ್ಲಿ ಚಟ ಮತ್ತು ರೂಢಿಗಳು ಹೇಗೆ ಬೇರು ಬಿಡುತ್ತವೆ, ಅವನ್ನು ಬದಲಿಸುವುದು ಹೇಗೆ ಎಂದು ಹುಡುಕುವವರ ದಾರಿ.

ಈ ವಿದ್ಯೆಯ ಮೊದಲ ಪಾಠಕ್ಕೆ ಕಾಲೇಜಿಗೆ ಹೋಗಬೇಕಾಗಿಲ್ಲ. ನಿಪ್ಪಾಣಿ, ಚಿಕ್ಕೋಡಿ ಭಾಗದ ಎಷ್ಟೋ ಮನೆಗಳ ಬಚ್ಚಲ ಕಟ್ಟೆಯ ಮೇಲೆ ಅದು ದಿನವೂ ನಡೆಯುತ್ತದೆ. ಹಂಚಿನ ಮೇಲೆ ಕರಿದಾಗುವಂತೆ ಹುರಿದ ತಂಬಾಕಿನ ಪುಡಿಗೆ ಮಿಶ್ರಿ ಎಂದು ಹೆಸರು. ಮುಂಜಾನೆ ಎದ್ದ ಕೂಡಲೇ ಅದನ್ನು ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕಿಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತರೆ ಆಯಿಗೆ ದಿನ ಆರಂಭವಾದಂತೆ. ಮೊಮ್ಮಗಳು ಶಾಲೆಯಲ್ಲಿ ಕಲಿತದ್ದನ್ನು ಹೇಳುತ್ತಾಳೆ: "ಆಯಿ, ಇದರಾಗ ತಂಬಾಕು ಐತಿ, ಬಾಯಿಗೆ ಕ್ಯಾನ್ಸರ್ ಬರತೈತಿ." ಆಯಿಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ನನಗ ಗೊತ್ತಿಲ್ಲೇನವ್ವಾ? ಇದನ್ನ ಹಚ್ಚಲಿಲ್ಲಂದ್ರ ಹೊಟ್ಟಿ ಸಾಫ್ ಆಗೂದಿಲ್ಲ, ತಲಿ ಗಿಮ್ಮ ಅಂತೈತಿ."

ಗೊತ್ತಿದೆ, ಆದರೂ ಬಿಡಲಾಗುವುದಿಲ್ಲ. ಆರೋಗ್ಯ ಸಂಶೋಧನೆಯ ಒಂದು ದೊಡ್ಡ ಶಾಖೆಯೇ ಈ 'ಆದರೂ' ಎಂಬ ಶಬ್ದದ ಮೇಲೆ ನಿಂತಿದೆ.

ಆಯಿಯ ಮಾತಿನಲ್ಲಿ ಸುಳ್ಳೇನೂ ಇಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಬೀಡಿ-ಸಿಗರೇಟಿನ ಹೊಗೆಯ ಮೂಲಕ ಒಳಹೊಕ್ಕರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ವಸಡಿನಿಂದ ರಕ್ತಕ್ಕೆ ಇಳಿಯುವಾಗ ನಿಧಾನ, ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದನ್ನು ಬರಮಾಡಿಕೊಳ್ಳಲು ಇರುವ ಬಾಗಿಲುಗಳಲ್ಲಿ ಕೆಲವಕ್ಕೆ ನಿಕೋಟಿನ್ ಎಂಬ ಕಳ್ಳಕೀಲಿಯೂ ಹೊಂದುತ್ತದೆ. ಬಾಗಿಲು ತೆರೆದ ಕೂಡಲೇ ಮಿದುಳಿನ ಆಳದಲ್ಲಿ ಡೋಪಮೈನ್ ಹರಿಯುತ್ತದೆ. 'ಇದು ಒಳ್ಳೆಯದಾಯಿತು, ಇನ್ನೊಮ್ಮೆ ಮಾಡು' ಎಂದು ಮಿದುಳಿಗೆ ಕಲಿಸುವ ಕೆಲಸ ಅದರದು. ದಿನವೂ ಹೀಗಾದರೆ ಮಿದುಳು ಆ ಬಾಗಿಲುಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ನಿಕೋಟಿನ್ ಬಾರದ ದಿನ ಅಷ್ಟೂ ಬಾಗಿಲುಗಳು ಖಾಲಿ ನಿಂತು ಕಾಯುತ್ತವೆ. ಆಯಿಯ ತಲೆ 'ಗಿಮ್ಮ' ಎನ್ನುವುದು, ಸಿಟ್ಟು ಬರುವುದು, ಹೊಟ್ಟೆ ಕಟ್ಟುವುದು ಎಲ್ಲ ಆಗಿನ ಲಕ್ಷಣಗಳೇ. ಮಿಶ್ರಿ ಹಚ್ಚಿದ ಮೇಲೆ ಅವು ಹೋಗುತ್ತವೆ ಎಂಬುದೂ ನಿಜ. ಆದರೆ ಔಷಧವೆಂದು ಆಯಿ ತಿಳಿದದ್ದೇ ಆ ಕಾಯಿಲೆಯ ಮೂಲವಾಗಿರುತ್ತದೆ.

ಇದನ್ನು ಪ್ರಯೋಗಶಾಲೆಯಲ್ಲಿ ಮೊದಲು ಸೂಚಿಸಿದ್ದು ಒಂದು ಇಲಿ. 1954ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ಇಲಿಯ ಮಿದುಳಿಗೆ ಸಣ್ಣ ತಂತಿ ಇಳಿಸಿ, ಇಲಿ ತಾನೇ ಒಂದು ಹಿಡಿಕೆ ಒತ್ತಿದರೆ ಅಲ್ಲಿ ನವಿರಾದ ವಿದ್ಯುತ್ ಹರಿಯುವಂತೆ ಮಾಡಿದರು. ತಂತಿ ಕೆಲವು ಜಾಗಗಳಲ್ಲಿ ಕುಳಿತಾಗ ಇಲಿ ಮೇಲಿಂದ ಮೇಲೆ, ತಾಸಿಗೆ ನೂರಾರು ಸಲ ಹಿಡಿಕೆ ಒತ್ತತೊಡಗಿತು. ಮಿದುಳಿನಲ್ಲಿ 'ಬಹುಮಾನದ ಕೇಂದ್ರ' ಇದೆ ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಅದೇ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. 1974ರಲ್ಲಿ ಅದು ಮತ್ತು ಅಲ್ಲಿನ ಮಾನಸಿಕ ಆಸ್ಪತ್ರೆ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯ ನರಶರೀರಕ್ರಿಯಾ ವಿಭಾಗದ ಬಿ.ಎಸ್. ಶಂಕರನಾರಾಯಣ ರಾವ್, ಟಿ. ದೇಸಿರಾಜು ಮತ್ತು ಟಿ.ಆರ್. ರಾಜು ಓಲ್ಡ್ಸ್-ಮಿಲ್ನರ್ ಪ್ರಯೋಗವನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಇಲಿಗಳು ಹತ್ತು ದಿನ ಹೀಗೆ ಹಿಡಿಕೆ ಒತ್ತಿದ ಮೇಲೆ ಅವುಗಳ ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಲ್ಲಿ ಮತ್ತು ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿ ನರಕೋಶಗಳ ಕವಲುಗಳು ಹೆಚ್ಚಾಗಿದ್ದವು. 1993ರಲ್ಲಿ 'ಬ್ರೈನ್ ರಿಸರ್ಚ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹತ್ತೇ ದಿನದ ಅನುಭವ ಮಿದುಳಿನ ಕಟ್ಟಡದಲ್ಲಿಯೇ ಗುರುತು ಬಿಡುತ್ತದೆ ಎಂದಾದರೆ ನಲವತ್ತು ವರ್ಷದ ಮಿಶ್ರಿಯನ್ನು "ಬಿಟ್ಟುಬಿಡು" ಎಂಬ ಒಂದೇ ಮಾತಿನಲ್ಲಿ ಬಿಡಿಸಲು ಹೊರಡುವುದು ಎಷ್ಟು ಸರಳ ಬುದ್ಧಿಯ ಕೆಲಸ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಯಾರೂ ಬಿಡುವುದೇ ಇಲ್ಲವೆ? ಬಿಡುತ್ತಾರೆ. 2009-10ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 28.2ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರ ಸಮೀಕ್ಷೆಯಲ್ಲಿ ಅದು 22.8ಕ್ಕೆ ಇಳಿದಿತ್ತು. ಈ ನಡುವೆ, 2013ರಲ್ಲಿ, ರಾಜ್ಯದಲ್ಲಿ ಗುಟ್ಕಾ ನಿಷೇಧವೂ ಆಗಿತ್ತು. ದೇಶದಲ್ಲಿ ತಂಬಾಕು ಬಳಸುವವರ ಪೈಕಿ ಸುಮಾರು ಅರ್ಧದಷ್ಟು ಜನ ಬಿಡುವ ಯೋಚನೆಯಲ್ಲಿದ್ದೇವೆ ಎಂದು ಅದೇ ಸಮೀಕ್ಷೆಯಲ್ಲಿ ಹೇಳಿದ್ದರು. ಆದರೆ ಯಾರ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ಒಂದು ವರ್ಷದ ತನಕ ನಿಲ್ಲುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ ಎಂದು ಹೊರದೇಶಗಳ ಅಧ್ಯಯನಗಳು ತೋರಿಸಿವೆ. ಯೋಚನೆಗೂ ಕೃತಿಗೂ ನಡುವಿನ ಈ ಕಂದರಕ್ಕೆ ಸೇತುವೆ ಕಟ್ಟುವುದೇ ನಡವಳಿಕೆಯ ಬದಲಾವಣೆಯನ್ನು ಅಭ್ಯಾಸ ಮಾಡುವ ಸಂಶೋಧಕರ ಕೆಲಸ.

ಅವರು ಮೊದಲು ಮಾಡಿದ್ದು ತಾವಾಗಿಯೇ ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದನ್ನು. ಅಮೆರಿಕದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೋ ಡಿಕ್ಲಿಮೆಂಟೆ 1983ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಮನುಷ್ಯ ಒಂದೇ ಜಿಗಿತಕ್ಕೆ ಚಟ ಬಿಡುವುದಿಲ್ಲ. ಮೊದಲು ಬಿಡಬೇಕೆಂಬ ಯೋಚನೆಯೇ ಇರುವುದಿಲ್ಲ, ಆಮೇಲೆ ಹೌದೋ ಅಲ್ಲವೋ ಎಂಬ ತೂಗಾಟ, ಅನಂತರ ತಯಾರಿ, ಆಮೇಲೆ ಬಿಡುವುದು, ಕೊನೆಗೆ ಬಿಟ್ಟದ್ದನ್ನು ಉಳಿಸಿಕೊಳ್ಳುವುದು. ನಡುವೆ ಜಾರಿ ಬಿದ್ದು ಮತ್ತೆ ಮೊದಲಿನಿಂದ ಏಳುವುದೂ ಇದರಲ್ಲಿ ಸೇರಿದೆ. ಬಿಡುವ ಯೋಚನೆಯೇ ಇಲ್ಲದ ಆಯಿಗೆ ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರೆ ಪ್ರಯೋಜನವಿಲ್ಲ. ತಯಾರಾಗಿ ಕುಳಿತ ಕಾಕಾನಿಗೆ ಕ್ಯಾನ್ಸರಿನ ಚಿತ್ರ ತೋರಿಸುತ್ತ ಕೂತರೂ ಪ್ರಯೋಜನವಿಲ್ಲ. ಈ ಹಂತಗಳು ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಬೇರೆ ಇರುತ್ತವೆಯೇ ಎಂಬ ವಾದ ಇಂದಿಗೂ ನಡೆದಿದೆ. ಆದರೂ ಎದುರಿಗಿದ್ದವರು ಎಲ್ಲಿ ನಿಂತಿದ್ದಾರೆ ಎಂದು ಕೇಳಿ ತಿಳಿದು ಅನಂತರ ಬಾಯಿ ತೆರೆಯಬೇಕೆಂಬ ಪಾಠ ಉಳಿಯಿತು.

2007ರಲ್ಲಿ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಪಾರ್ಶ್ವವಾಯುವಿನಿಂದ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾದ ಕೆಲವರು ಸಿಗರೇಟಿನ ಹಂಬಲವನ್ನೇ ಕಳೆದುಕೊಂಡಿದ್ದರು ಎಂದು ನಾಸಿರ್ ನಖ್ವಿ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ದೇಹದೊಳಗಿನ ತಳಮಳವನ್ನು 'ಬೇಕು' ಎಂಬ ಭಾವನೆಯಾಗಿ ಮಾಡಿ ತೋರಿಸುವಲ್ಲಿ ಆ ಭಾಗದ ಪಾತ್ರವಿದೆ ಎಂಬುದು ಇದರಿಂದ ತಿಳಿಯಿತು. ಚಟ ಬಿಡಿಸಲು ಯಾರಿಗೂ ಪಾರ್ಶ್ವವಾಯು ಬರಿಸಲಾಗದು, ಸರಿ. ಆದರೆ ಹಂಬಲ ಎನ್ನುವುದು ಮನಸ್ಸಿನ ದೌರ್ಬಲ್ಯವೂ ಅಲ್ಲ, ಸಂಸ್ಕಾರದ ಕೊರತೆಯೂ ಅಲ್ಲ, ಅದಕ್ಕೆ ಮಿದುಳಿನಲ್ಲೊಂದು ಜಾಗವಿದೆ ಎಂದು ಗೊತ್ತಾದಾಗ ವೈದ್ಯನ ಮಾತಿನ ಧಾಟಿ ಬದಲಾಗುತ್ತದೆ.

'ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ' ಎಂಬ ಮಾತನ್ನು ಪರೀಕ್ಷೆಯ ದಿನಗಳಲ್ಲಿ ಭಾಷಣಕಾರರು ಶಾಲೆಗಳಿಗೆ ಬಂದು ಹೇಳಿಹೋಗುತ್ತಾರೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಇದನ್ನು ಪರೀಕ್ಷಿಸಿದರು. 2010ರಲ್ಲಿ ಅಚ್ಚಾದ ಅವರ ಲೆಕ್ಕದ ಪ್ರಕಾರ ಒಂದು ಹೊಸ ರೂಢಿ ನೆಲೆಗೊಳ್ಳಲು ಮಧ್ಯಮ ಪ್ರಮಾಣದಲ್ಲಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಎಂಬುದನ್ನೂ ಅವರು ಕಂಡರು. ಬೆಳಗಿನ ಐದಕ್ಕೆ ಎದ್ದು ಓದುವ ಸಂಕಲ್ಪ ಮೂರನೆಯ ವಾರಕ್ಕೆ ಮುರಿದುಬಿತ್ತೆಂದು ಮಗನನ್ನು ಬಯ್ಯುವ ಪಾಲಕರು ಈ ಅಂಕಿಗಳನ್ನು ಗಮನಿಸಬಹುದು.

ಬೆಂಗಳೂರಿಗೆ ಮರಳಿದರೆ, 2002ರಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ದೇಶದಲ್ಲಿ 13 ತಂಬಾಕು ಬಿಡಿಸುವ ಕ್ಲಿನಿಕ್‌ಗಳನ್ನು ತೆರೆದವು. ಅವುಗಳಲ್ಲಿ ನಿಮ್ಹಾನ್ಸ್ ಒಂದು. ಅಲ್ಲಿ ಚಟಗಳ ಚಿಕಿತ್ಸೆ ಮತ್ತು ಸಂಶೋಧನೆಯಲ್ಲಿ ದೀರ್ಘಕಾಲ ದುಡಿದ ಡಾ. ಪ್ರತಿಮಾ ಮೂರ್ತಿ 2021ರಲ್ಲಿ ಆ ಸಂಸ್ಥೆಯ ನಿರ್ದೇಶಕರಾದರು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಗೆ (1800-11-2356) 2018ರಲ್ಲಿ ನಿಮ್ಹಾನ್ಸ್‌ನಲ್ಲಿಯೂ ಒಂದು ಕೇಂದ್ರವಾಯಿತು. ಇಂಥ ಫೋನಿನ ಆಚೆ ತುದಿಯಲ್ಲಿ ಕುಳಿತವರು ಉಪದೇಶ ಮಾಡುವುದಿಲ್ಲ. ದಿನದ ಮೊದಲ ತಂಬಾಕು ಎದ್ದ ಎಷ್ಟು ನಿಮಿಷಕ್ಕೆ ಎಂದು ಕೇಳುತ್ತಾರೆ. ಚಟ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಒಳ್ಳೆಯ ಅಳತೆ ಅದು. ಚಹಾ ಕುಡಿದ ಮೇಲೋ, ಊಟವಾದ ಮೇಲೋ, ಹೊಲಕ್ಕೆ ಹೋಗುವಾಗಲೋ ಎಂದು ಕೇಳುತ್ತಾರೆ. ಹಂಬಲ ಎದ್ದ ಆ ಕೆಲವು ನಿಮಿಷ ಕೈಗೆ, ಬಾಯಿಗೆ ಬೇರೆ ಏನು ಕೊಡಬಹುದೆಂದು ಅವರ ಬಾಯಿಂದಲೇ ಹೇಳಿಸುತ್ತಾರೆ. ಬಿಡುವ ತಾರೀಖನ್ನೂ ಅವರೇ ಗೊತ್ತುಮಾಡಬೇಕು.

ಈ ಕೆಲಸದಲ್ಲಿ ಭಾಷೆಯ ಪಾತ್ರ ದೊಡ್ಡದು. ಕಾಗವಾಡದ ಮುದುಕಿ ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ತನ್ನ ತಲೆಬೇನೆಯನ್ನು ಹೇಳಿದರೆ ಅದನ್ನು ಪೂರ್ತಿ ಹಿಡಿಯಬಲ್ಲವರು ಕಾಗವಾಡ, ಅಥಣಿ, ನಿಪ್ಪಾಣಿಗಳಲ್ಲಿ ಬೆಳೆದವರೇ. ಮಿಶ್ರಿ ಎಂದರೆ ಏನೆಂದೇ ಗೊತ್ತಿಲ್ಲದ ನಗರದ ಸಂಶೋಧಕ "ನೀವು ತಂಬಾಕು ಬಳಸುತ್ತೀರಾ?" ಎಂದು ಕೇಳಿದರೆ ಅವಳು "ಇಲ್ಲ" ಎನ್ನುತ್ತಾಳೆ. ಅವಳ ಲೆಕ್ಕದಲ್ಲಿ ಮಿಶ್ರಿ ಹಲ್ಲುಪುಡಿ. ಪ್ರಶ್ನಾವಳಿಯಲ್ಲಿ ಒಂದು ತಪ್ಪು ಶಬ್ದ ಬಿದ್ದರೆ ಇಡೀ ಅಂಕಿ-ಅಂಶವೇ ತಪ್ಪುತ್ತದೆ.

ಗಡಿಭಾಗದ ಮಕ್ಕಳಿಗೆ ಗೊತ್ತಿರುವ ಇನ್ನೊಂದು ವಿಷಯವಿದೆ: ತಂಬಾಕು ಚಟವಷ್ಟೇ ಅಲ್ಲ, ಅನ್ನ ಕೂಡ. ನಿಪ್ಪಾಣಿ ಬೀಡಿ ತಂಬಾಕಿನ ಪೇಟೆಯಾಗಿ ಬೆಳೆದ ಊರು. 1981ರಲ್ಲಿ ಶರದ್ ಜೋಷಿ ಅವರ ಮುಂದಾಳತನದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಅಲ್ಲಿ ಹೆದ್ದಾರಿಯ ಮೇಲೆ ಕುಳಿತರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅದೇ ಕಾಲದಲ್ಲಿ ತಂಬಾಕಿನ ಕಾರ್ಖಾನೆಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿದ್ದನ್ನು 'ಯುಗಾಂತರ' ಎಂಬ ಮಹಿಳೆಯರ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೀಡಿ ತಂಬಾಕಿನ ತಳಿಗಳ ಸಂಶೋಧನೆ ನಡೆಸಿದ್ದೂ ನಿಪ್ಪಾಣಿಯ ಕೇಂದ್ರದಲ್ಲೇ. ಒಂದು ಸಂಶೋಧನೆ ಬೆಳೆ ಹೆಚ್ಚಿಸಲು, ಇನ್ನೊಂದು ಅದನ್ನು ಬಿಡಿಸಲು. ಎರಡಕ್ಕೂ ಸರ್ಕಾರದ ಹಣ.

ಬೀಡಿ ಕಟ್ಟುವ ತಾಯಿಯ ಮನೆಗೆ ತಂಬಾಕಿನ ಕೇಡು ಹೇಳಲು ಹೋದ ಸಂಶೋಧಕಿಗೆ ಆಕೆ ಕೇಳುವ ಪ್ರಶ್ನೆ ಸೀದಾ ಇರುತ್ತದೆ: "ಎಲ್ಲಾರೂ ಬಿಟ್ಟರ ನಮ್ಮ ಹೊಟ್ಟಿಗೇನ್ರೀ ಬಾಯಾರ?" ಈ ಪ್ರಶ್ನೆಗೆ ನರವಿಜ್ಞಾನದಲ್ಲಿ ಉತ್ತರವಿಲ್ಲ. ಹಸಿ ಎಲೆಯನ್ನು ಬರಿಗೈಯಲ್ಲಿ ಮುಟ್ಟುವವರ ಚರ್ಮದಿಂದಲೂ ನಿಕೋಟಿನ್ ಒಳಗಿಳಿದು ವಾಂತಿ, ತಲೆಸುತ್ತು ತರುತ್ತದೆಂದು ತಿಳಿಸಬಹುದು, ಕೈಗವಸು ಕೊಡಬಹುದು. ಕೂಲಿಯ ಮಾತಿಗೆ ಅರ್ಥಶಾಸ್ತ್ರ ಓದಿದವರನ್ನೂ ಕಾರ್ಮಿಕ ಇಲಾಖೆಯವರನ್ನೂ ಜೊತೆಗೆ ಕರೆದುಕೊಂಡೇ ಹೋಗಬೇಕಾಗುತ್ತದೆ. ಈ ವಿಷಯದ ಒಳ್ಳೆಯ ಸಂಶೋಧನೆ ಒಬ್ಬರ ಕೈಯಿಂದ ಆಗದಿರುವುದು ಇದಕ್ಕಾಗಿಯೇ.

ಚಟ ಬಿಡಿಸುವುದಕ್ಕಿಂತ ಒಳ್ಳೆಯ ರೂಢಿ ಬೆಳೆಸುವ ಕೆಲಸ ಹೆಚ್ಚು ಹಿತವಾದದ್ದು. ಅದರ ಉತ್ತಮ ಉದಾಹರಣೆ ದೂರದ್ದಲ್ಲ, ಬೆಳಗಾವಿ ಜಿಲ್ಲೆಯದೇ.

1963ರಲ್ಲಿ ಕೆಎಲ್ಇ ಸಂಸ್ಥೆ ಬೆಳಗಾವಿಯಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನಲ್ಲಿ ತಾಯಿ-ಮಕ್ಕಳ ಆರೋಗ್ಯದ ಸಂಶೋಧನಾ ಘಟಕವೊಂದಿದೆ. ಡಾ. ಬಿ.ಎಸ್. ಕೊಡಕಣಿ ಹೆರಿಗೆ ತಜ್ಞರು, ಡಾ. ಶಿವಪ್ರಸಾದ ಗೌಡರ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ಇವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತಿತರರೊಡನೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಹೆರಿಗೆಯಾದ ಕೂಡಲೇ ಊರಿನ ಸಹಾಯಕ ದಾದಿ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯುತ್ತದೆ ಎಂಬ ಅದರ ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಿದುಳಿನ ಮಾತು ಬರುವುದು ಇದರ ನಂತರದ ಅಧ್ಯಯನದಲ್ಲಿ. ಹುಟ್ಟಿದ ಕೂಡಲೇ ಅಳದ, ಉಸಿರಾಟಕ್ಕೆ ಸಹಾಯ ಬೇಕಾದ ಕೂಸುಗಳ ಮಿದುಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಾಲದೆ ಹೋಗಿರುತ್ತದೆ. ಇಂಥ ಕೂಸು ಬದುಕುಳಿದರೂ ಮುಂದೆ ಬುದ್ಧಿ ಹಿಂದುಳಿದೀತೇ ಎಂಬ ಭಯ ಮನೆಯವರಿಗೆ. ಮೊದಲ ಮೂರು ವರ್ಷ ಮಿದುಳಿನ ನರಕೋಶಗಳ ಕೂಡುಗಂಟುಗಳು ಅತಿ ವೇಗವಾಗಿ ಹುಟ್ಟುವ ಕಾಲ. ಕೂಸಿನೊಡನೆ ಮಾತಾಡಿದಷ್ಟು, ಆಡಿದಷ್ಟು ಅವು ಗಟ್ಟಿಯಾಗುತ್ತವೆ. ಹಾಗಾದರೆ ದುಬಾರಿ ಯಂತ್ರವಿಲ್ಲದೆ, ಮನೆಯಲ್ಲಿಯೇ, ತಾಯಿಯ ಕೈಯಿಂದಲೇ ಈ ಮಕ್ಕಳ ಮಿದುಳಿಗೆ ನೆರವಾಗಬಹುದೇ? ಭಾರತ, ಪಾಕಿಸ್ತಾನ, ಜಾಂಬಿಯಾ ಮೂರು ದೇಶಗಳಲ್ಲಿ ಒಂದೇ ಕ್ರಮದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ಅಮೆರಿಕದ ಡಾ. ವಾಲ್ಡೆಮಾರ್ ಕಾರ್ಲೊ ಮುಖ್ಯಸ್ಥರಾಗಿದ್ದ ಈ ಅಧ್ಯಯನದಲ್ಲಿ ಭಾರತದ ಭಾಗ ನಡೆದದ್ದು ಬೆಳಗಾವಿಯಿಂದ, ಡಾ. ಗೌಡರ ಅವರ ನೇತೃತ್ವದಲ್ಲಿ.

ತರಬೇತಿ ಪಡೆದ ಕಾರ್ಯಕರ್ತೆ ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಕೂಸಿನ ವಯಸ್ಸಿಗೆ ತಕ್ಕ ಒಂದೆರಡು ಆಟ ತೋರಿಸಿ, ಈಗ ನೀವು ಮಾಡಿ ನೋಡೋಣ ಎನ್ನುತ್ತಾಳೆ. ತಾಯಿ ಮಾಡುತ್ತಾಳೆ. ಮುಂದಿನ ಭೇಟಿಯವರೆಗೆ ದಿನವೂ ಅದನ್ನು ಆಡಬೇಕು. ಹೀಗೆ ಮೂರು ವರ್ಷ. ಹೇಳಲು ಸುಲಭ. ಕಬ್ಬಿನ ಕಟಾವಿನ ಕಾಲದಲ್ಲಿ ಬೆಳಗಿನಿಂದ ಸಂಜೆಯ ತನಕ ಹೊಲದಲ್ಲಿರುವ ಮನೆಯಲ್ಲಿ, ಮಾತು ಬಾರದ ಕೂಸಿನೊಡನೆ ಏನು ಮಾತಾಡುವುದು ಎನ್ನುವ ಹಿರಿಯರ ನಡುವೆ, ಇದನ್ನು ರೂಢಿ ಮಾಡಿಸುವುದು ಸುಲಭವಲ್ಲ. ಕೂಸಿನ ಮಿದುಳು ಬದಲಾಗಬೇಕಾದರೆ ಮೊದಲು ದೊಡ್ಡವರ ನಡವಳಿಕೆ ಬದಲಾಗಬೇಕಿತ್ತು.

ಹೋಲಿಕೆಗಾಗಿ ಇನ್ನೊಂದು ಗುಂಪಿತ್ತು. ಆ ಮನೆಗಳಿಗೂ ಅಷ್ಟೇ ಸಲ ಕಾರ್ಯಕರ್ತೆ ಹೋಗುತ್ತಿದ್ದಳು, ಆದರೆ ಆಟದ ಬದಲು ಎದೆಹಾಲು, ಶುಚಿತ್ವ, ಲಸಿಕೆಗಳ ತಿಳಿವಳಿಕೆ ಕೊಡುತ್ತಿದ್ದಳು. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು: ಎರಡನೆಯ ಗುಂಪಿಗೆ ಭೇಟಿ ಯಾಕೆ? ಯಾರಾದರೂ ಮನೆಗೆ ಬಂದು ಹೋಗುತ್ತಿದ್ದರೆ ಅದರಿಂದಲೇ ತಾಯಿಗೆ ಧೈರ್ಯ ಬಂದು ಕೂಸಿನ ಆರೈಕೆ ಚೆನ್ನಾಗಬಹುದು. ಆ ಲಾಭವನ್ನು ಆಟದ ಲಾಭವೆಂದು ತಪ್ಪು ತಿಳಿಯಬಾರದಲ್ಲ! ಯಾವ ಕೂಸು ಯಾವ ಗುಂಪಿಗೆ ಎಂಬುದನ್ನು ಸಂಶೋಧಕರು ಆರಿಸಲಿಲ್ಲ, ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟಿದ್ದರು. ಮೂರು ವರ್ಷ ತುಂಬಿದಾಗ ಮಗುವನ್ನು ಪರೀಕ್ಷಿಸಿದವರಿಗೂ ಅದು ಯಾವ ಗುಂಪಿನದೆಂದು ಗೊತ್ತಿರಲಿಲ್ಲ.

2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಉಸಿರುಗಟ್ಟಿದ್ದ ಮಕ್ಕಳಲ್ಲಿ ಆಟದ ಗುಂಪಿನವರ ಮಾನಸಿಕ ಬೆಳವಣಿಗೆಯ ಸರಾಸರಿ ಅಂಕ 102.6, ಇನ್ನೊಂದು ಗುಂಪಿನವರದು 98.0. ಈ ಅಳತೆಗೋಲಿನಲ್ಲಿ ಸಾಮಾನ್ಯ ಸರಾಸರಿ 100. ನಾಲ್ಕೂವರೆ ಅಂಕವೇನು ಮಹಾ ಎನ್ನಿಸಬಹುದು. ರ‍್ಯಾಂಕಿನ ಲೆಕ್ಕದಲ್ಲಿ ಬದುಕುವ ಪಾಲಕರಿಗಂತೂ ಅನ್ನಿಸಿಯೇ ಅನ್ನಿಸುತ್ತದೆ. ಒಂದು ಮಗುವಿನಲ್ಲಿ ಇದು ಕಣ್ಣಿಗೆ ಬೀಳದ ವ್ಯತ್ಯಾಸ. ಒಂದು ತಾಲ್ಲೂಕಿನ ಅಷ್ಟೂ ಮಕ್ಕಳಿಗೆ ಸಿಕ್ಕರೆ, ಶಾಲೆಯಲ್ಲಿ ತೀರ ಹಿಂದೆ ಬೀಳಬಹುದಾದ ಕೆಲವರು ಸಾಲಿನೊಳಗೆ ಉಳಿಯುತ್ತಾರೆ. ಖರ್ಚಾದದ್ದು ತಾಯಿ ಕೊಟ್ಟ ಸಮಯ ಮತ್ತು ಕಾರ್ಯಕರ್ತೆಯ ಕಾಲ್ನಡಿಗೆ.

ಇಂಥ ಕೆಲಸಕ್ಕೆ ಸೇರುವುದು ಹೇಗೆ? ವೈದ್ಯಕೀಯ ಓದಿಯೇ ಬರಬೇಕೆಂಬ ನಿಯಮವಿಲ್ಲ, ಓದಿದ್ದರೆ ಒಂದು ಬಾಗಿಲು ಹೆಚ್ಚು. ಎಂಬಿಬಿಎಸ್ ಓದುವಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಒಂದು ಸಣ್ಣ ಸಂಶೋಧನೆ ಮಾಡಬಹುದು. 1979ರಿಂದ ನಡೆದುಬಂದ ಯೋಜನೆ ಅದು. ಮುಂದೆ ಸಮುದಾಯ ವೈದ್ಯ, ಮನೋವೈದ್ಯ, ಇಲ್ಲವೇ ಡಾ. ಗೌಡರಂತೆ ಶರೀರಕ್ರಿಯಾಶಾಸ್ತ್ರದಲ್ಲಿ ಎಂ.ಡಿ. ಮಾಡಬಹುದು.

ವೈದ್ಯಕೀಯ ಸೀಟು ಸಿಗದವರಿಗೆ ಬಿ.ಎಸ್ಸಿ. ದಾರಿ ಇದೆ. ಚಿಕ್ಕೋಡಿಯ ಬಸವಪ್ರಭು ಕೋರೆ, ನಿಪ್ಪಾಣಿಯ ಜಿ.ಐ. ಬಾಗೇವಾಡಿ, ಕಾಗವಾಡದ ಶಿವಾನಂದ ಮುಂತಾದ ಕಾಲೇಜುಗಳು ಹತ್ತಿರದಲ್ಲೇ ಇವೆ. ಪದವಿಯ ನಂತರ ಎಂ.ಎಸ್ಸಿ., ಆಮೇಲೆ ನರವಿಜ್ಞಾನದಲ್ಲೋ ಮನೋವಿಜ್ಞಾನದಲ್ಲೋ ಪಿಎಚ್.ಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದ್ದಾರೆ. ಮನೆಮನೆಗೆ ಹೋಗಿ ಕನ್ನಡದಲ್ಲಿ ಮಾತಾಡುವವರು ಅವರಿಗೂ ಬೇಕು.

ಕಲಾ ವಿಭಾಗದವರು ಹೊರಗಿನವರಲ್ಲ. ಸಮಾಜಕಾರ್ಯ, ಮನೋವಿಜ್ಞಾನ ಓದಿದವರಿಗೆ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗಗಳೇ ಇವೆ. ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡುವುದು ಒಳ್ಳೆಯದು, ನೆರೆಮನೆಯವರ ಮಾತನ್ನಲ್ಲ.

ಪಾಲಕರ ಪ್ರಶ್ನೆ ಹಣದ್ದು, ಅದು ಸಹಜವೇ. ಪಿಯುಸಿ ಆದ ಮೇಲೆ ಪದವಿ ಮೂರು ವರ್ಷ, ಎಂ.ಎಸ್ಸಿ. ಎರಡು, ಪಿಎಚ್.ಡಿ. ಸುಮಾರು ಐದು. ಒಟ್ಟು ಹತ್ತು ವರ್ಷ. ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಅತ್ಯಂತ ಮುಂಚೂಣಿಯಲ್ಲಿದ್ದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80 ಸಾವಿರ ರೂಪಾಯಿಯ ವಿದ್ಯಾರ್ಥಿವೇತನ ಗೊತ್ತುಮಾಡಲಾಗಿದೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಆಮೇಲೆ 42 ಸಾವಿರ. 2023ರಲ್ಲಿ ಏರಿಸಿದ ದರವಿದು. ಮನೆಯಿಂದ ಹಣ ತರಿಸದೆ ಓದು ಮುಗಿಯುತ್ತದೆ. ಆದರೆ ಎಲ್ಲರಿಗೂ ಜೆ.ಆರ್.ಎಫ್. ಸಿಗುವುದಿಲ್ಲ. ಸಂಶೋಧನಾ ಯೋಜನೆಗಳಲ್ಲಿ ಸಹಾಯಕರಾಗಿ ಸೇರುವವರ ನೌಕರಿ ಆ ಯೋಜನೆಯ ಅನುದಾನ ಇರುವಷ್ಟು ದಿನ ಮಾತ್ರ. ಮುಗಿದರೆ ಮತ್ತೊಂದು ಹುಡುಕಬೇಕು. ಗೆಳತಿಯರೆಲ್ಲ ನೌಕರಿ ಹಿಡಿದು, ಮದುವೆಯಾಗಿ, ಮನೆ ಕಟ್ಟಿಸುವ ವಯಸ್ಸಿನಲ್ಲಿ ಮಗಳು ಇನ್ನೂ 'ಓದುತ್ತಿದ್ದಾಳೆ' ಎಂದು ಸಂಬಂಧಿಕರ ಎದುರು ಹೇಳುವ ಧೈರ್ಯ ತಂದೆ-ತಾಯಿಗೆ ಇರಬೇಕು. ಈ ವಿಷಯವನ್ನು ಮನೆಯಲ್ಲಿ ಮೊದಲೇ ಕುಳಿತು ಮಾತಾಡಿಕೊಳ್ಳುವುದು ಮೇಲು.

ರಾಯಬಾಗದ ಹುಡುಗನಾಗಲಿ ಅಥಣಿಯ ಹುಡುಗಿಯಾಗಲಿ ಈಗಿನಿಂದಲೇ ಮಾಡಬಹುದಾದ ತಯಾರಿ ಮೂರು ಬಗೆಯದು. ಜೀವಶಾಸ್ತ್ರ ಇಷ್ಟವೆಂದು ಗಣಿತವನ್ನು ಬಿಡಬಾರದು. ಸಂಖ್ಯಾಶಾಸ್ತ್ರ ಬಾರದ ಆರೋಗ್ಯ ಸಂಶೋಧಕ ತಾನು ಕೂಡಿಹಾಕಿದ ಅಂಕಿಗಳ ಅರ್ಥಕ್ಕಾಗಿ ಇನ್ನೊಬ್ಬರ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸ ಬೇಕು, ಪ್ರಬಂಧಗಳೆಲ್ಲ ಅದರಲ್ಲಿಯೇ ಇವೆ. ಮೂರನೆಯದು ಒಂದು ನೋಟ್‌ಬುಕ್ಕು. ಮನೆಯಲ್ಲಿ, ಓಣಿಯಲ್ಲಿ ಯಾರು ಯಾವ ಹೊತ್ತಿಗೆ ಯಾವ ರೂಢಿಗೆ ಕೈಹಾಕುತ್ತಾರೆ, ಅದಕ್ಕೂ ಮುಂಚಿನ ಹತ್ತು ನಿಮಿಷ ಏನು ಮಾಡುತ್ತಿದ್ದರು ಎಂದು ಹದಿನೈದು ದಿನ ಅದರಲ್ಲಿ ಬರೆದಿಡಬೇಕು. ಹೆಸರು ಹಾಕದೆ, ಅವರ ಒಪ್ಪಿಗೆ ಕೇಳಿ.